ಬಿಸಿಲೂ ಬಿರುಗಾಳಿಯೂ ಒಂದೇ ವಾರದಲ್ಲಿ: ಬೇಸಿಗೆಯ ಅಲ್ಪಾವಧಿ ಹವಾಮಾನ ಮುನ್ಸೂಚನೆಯನ್ನು ಓದುವ ಕ್ರಮ



ಮಾರ್ಚ್‌ನಿಂದ ಮೇ ತಿಂಗಳವರೆಗಿನ ಅವಧಿಯನ್ನು ಮುಂಗಾರುಪೂರ್ವ ಕಾಲವೆಂದು ಕರೆಯಲಾಗುತ್ತದೆ. ಈ ಅವಧಿಯಲ್ಲಿ ಭಾರತ ಹವಾಮಾನ ಇಲಾಖೆಯು ಹೊರಡಿಸುವ ರಾಷ್ಟ್ರೀಯ ಮುನ್ಸೂಚನೆಯಲ್ಲಿ ಪರಸ್ಪರ ವಿರುದ್ಧವೆಂದು ತೋರುವ ಎರಡು ಎಚ್ಚರಿಕೆಗಳು ಒಟ್ಟಿಗೆ ಕಾಣಿಸಿಕೊಳ್ಳುವುದುಂಟು. ಒಂದು, ಉಷ್ಣಾಂಶವು ವಾಡಿಕೆಗಿಂತ ಹೆಚ್ಚಾಗಲಿದೆ ಎಂಬುದು. ಮತ್ತೊಂದು, ಗುಡುಗು, ಸಿಡಿಲು, ಬಿರುಗಾಳಿ ಹಾಗೂ ಆಲಿಕಲ್ಲು ಸಹಿತ ಮಳೆಯಾಗಲಿದೆ ಎಂಬುದು. ಬಿಸಿಲಿಗೆ ನೀರು ಹಾಯಿಸಿರಿ ಎಂಬುದು ಮೊದಲನೆಯದಕ್ಕೆ ಸಲಹೆ. ಗಾಳಿಗೆ ಬೆಳೆ ಒರಗುವುದರಿಂದ ನೀರು ಹಾಯಿಸಬೇಡಿರಿ ಎಂಬುದು ಎರಡನೆಯದಕ್ಕೆ ಸಲಹೆ. ಇವುಗಳಲ್ಲಿ ಯಾವುದನ್ನು, ಯಾವ ದಿನ ಪಾಲಿಸಬೇಕು ಎಂಬ ಪ್ರಶ್ನೆಯನ್ನು ರೈತರು ನಮ್ಮಲ್ಲಿ ಪದೇ ಪದೇ ಕೇಳುತ್ತಾರೆ. ಮುನ್ಸೂಚನೆಯ ಪದಗಳ ನಿಖರ ಅರ್ಥವನ್ನು ತಿಳಿದರೆ ಈ ಗೊಂದಲ ಬಹುಪಾಲು ಪರಿಹಾರವಾಗುತ್ತದೆ. ಆ ಅರ್ಥವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಅಧಿಕ ಬಿಸಿಲು ಮತ್ತು ಗುಡುಗು ಮಳೆಯ ಸಂಬಂಧ

ಬಿಸಿಲು ಮತ್ತು ಬಿರುಗಾಳಿ ಒಂದಕ್ಕೊಂದು ವಿರುದ್ಧವಲ್ಲ. ಬೇಸಿಗೆಯ ಗುಡುಗು ಮಳೆಗೆ ಬಿಸಿಲೇ ಇಂಧನ. ನೆಲ ಕಾದಾಗ ಅದರ ಮೇಲಿನ ಗಾಳಿಯು ಹಗುರಾಗಿ ಮೇಲೇರುತ್ತದೆ. ಉಷ್ಣಾಂಶವು 1 ಡಿಗ್ರಿ ಸೆಲ್ಸಿಯಸ್ ಹೆಚ್ಚಿದಂತೆ ಗಾಳಿಯು ಹಿಡಿದಿಡಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. ಬಂಗಾಳ ಕೊಲ್ಲಿ ಅಥವಾ ಅರಬ್ಬಿ ಸಮುದ್ರದಿಂದ ತೇವಭರಿತ ಗಾಳಿ ಒಳನಾಡಿಗೆ ಬಂದು ಸೇರಿದಾಗ, ಮೇಲೇರುವ ಗಾಳಿಯಲ್ಲಿನ ನೀರಾವಿಯು ತಂಪಾಗಿ ಎತ್ತರದ ಕರಿಮೋಡಗಳು ಉಂಟಾಗುತ್ತವೆ. ಮೋಡದೊಳಗೆ ಮೇಲ್ಮುಖವಾಗಿ ಬೀಸುವ ಗಾಳಿಯು ಬಲವಾಗಿದ್ದರೆ ನೀರಹನಿಗಳು ಹಿಮಬಿಂದುವಿಗಿಂತ ತಂಪಾದ ಎತ್ತರಕ್ಕೆ ಒಯ್ಯಲ್ಪಟ್ಟು, ಪದರಪದರವಾಗಿ ಹೆಪ್ಪುಗಟ್ಟಿ ಆಲಿಕಲ್ಲಾಗುತ್ತವೆ. ಗಾಳಿಯು ಅವುಗಳ ಭಾರವನ್ನು ತಾಳಲಾರದಾದಾಗ ಅವು ಕೆಳಗೆ ಬೀಳುತ್ತವೆ.

ರಾಷ್ಟ್ರೀಯ ವರದಿಯ ಆರಂಭದಲ್ಲಿ 'ವಿದರ್ಭದಿಂದ ಒಳನಾಡು ಕರ್ನಾಟಕದ ಮೂಲಕ ತಮಿಳುನಾಡಿನವರೆಗೆ ಕಡಿಮೆ ಒತ್ತಡದ ಪಟ್ಟಿ' ಎಂಬಂತಹ ಸಾಲನ್ನು ನೀವು ಗಮನಿಸಿರಬಹುದು. ಎರಡು ದಿಕ್ಕಿನ ಗಾಳಿಗಳು ಸಂಧಿಸುವ ರೇಖೆಯದು. ಈ ರೇಖೆಯ ಆಸುಪಾಸಿನಲ್ಲಿಯೇ ನಮ್ಮ ರಾಜ್ಯದ ಬೇಸಿಗೆ ಗುಡುಗು ಮಳೆಯ ಹೆಚ್ಚಿನ ಪಾಲು ಸುರಿಯುತ್ತದೆ. ಉತ್ತರ ಭಾರತದಲ್ಲಿ ಈ ಕೆಲಸವನ್ನು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ 'ಪಶ್ಚಿಮದ ಕ್ಷೋಭೆ' ಎಂಬ ಗಾಳಿಯ ವ್ಯವಸ್ಥೆಗಳು ಮಾಡುತ್ತವೆ.

ಇತ್ತೀಚಿನ ಎರಡು ವರ್ಷಗಳನ್ನು ಹೋಲಿಸಿ ನೋಡಬಹುದು. 2022ರ ಮಾರ್ಚ್ ತಿಂಗಳಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣಾಂಶವು 1901ರಿಂದೀಚೆಗಿನ ಮಾರ್ಚ್ ತಿಂಗಳುಗಳಲ್ಲಿಯೇ ಅತ್ಯಧಿಕವಾಗಿತ್ತು. ಮಳೆಯೂ ಅತ್ಯಲ್ಪ. ಕಾಳು ಕಟ್ಟುವ ಹಂತದಲ್ಲಿದ್ದ ಗೋಧಿಯ ಕಾಳು ಜೊಳ್ಳಾಗಿ ವಾಯವ್ಯ ಭಾರತದಲ್ಲಿ ಇಳುವರಿ ಕುಸಿಯಿತು. ಅದೇ ವರ್ಷದ ಮೇ 13ರಂದು ಕೇಂದ್ರ ಸರ್ಕಾರವು ಗೋಧಿಯ ರಫ್ತನ್ನು ನಿಷೇಧಿಸಿತು. 2023ರಲ್ಲಿ ಫೆಬ್ರವರಿ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ ಹೊಸ ದಾಖಲೆ ಬರೆಯಿತು. ಆದರೆ ಮಾರ್ಚ್‌ನಲ್ಲಿ ಪರಿಸ್ಥಿತಿ ತಿರುವುಮುರುವಾಗಿ, ಹಲವು ರಾಜ್ಯಗಳಲ್ಲಿ ಕೊಯ್ಲಿಗೆ ಬಂದ ಗೋಧಿಯು ಗಾಳಿ, ಮಳೆ, ಆಲಿಕಲ್ಲುಗಳಿಗೆ ಸಿಲುಕಿ ನೆಲಕ್ಕೊರಗಿತು. ಬಿಸಿಲಿನಿಂದ ಆರಂಭವಾದ ಬೇಸಿಗೆಯು ಬಿಸಿಲಾಗಿಯೇ ಮುಂದುವರಿಯುವುದೆಂಬ ಖಾತ್ರಿ ಇಲ್ಲ. ನಮ್ಮ ವಿಜಯಪುರ, ಬಾಗಲಕೋಟೆ, ಬೀದರ ಭಾಗದ ದ್ರಾಕ್ಷಿ ಬೆಳೆಗಾರರು 2014ರ ಮಾರ್ಚ್‌ನ ಆಲಿಕಲ್ಲು ಮಳೆಯನ್ನು ಇನ್ನೂ ಮರೆತಿಲ್ಲ.

ಮುನ್ಸೂಚನೆಯ ಅವಧಿ ಮತ್ತು ಅದರ ಮಿತಿ

ಮುನ್ಸೂಚನೆಗಳನ್ನು ಅವಧಿಯ ಮೇಲೆ ಹೀಗೆ ವಿಂಗಡಿಸಲಾಗಿದೆ.

1. ತತ್‌ಕ್ಷಣದ ಮುನ್ಸೂಚನೆ: ಮುಂದಿನ 3 ಗಂಟೆಗಳವರೆಗೆ. ರೇಡಾರ್ ಮತ್ತು ಉಪಗ್ರಹ ಚಿತ್ರಗಳನ್ನು ಆಧರಿಸಿ, ಈಗಾಗಲೇ ಹುಟ್ಟಿಕೊಂಡಿರುವ ಮೋಡಗಳ ಚಲನೆಯನ್ನು ತಿಳಿಸುತ್ತದೆ.

2. ಅಲ್ಪಾವಧಿ ಮುನ್ಸೂಚನೆ: 3 ದಿನಗಳವರೆಗೆ. ಯಾವ ಉಪವಿಭಾಗದಲ್ಲಿ, ಯಾವ ಜಿಲ್ಲೆಯಲ್ಲಿ ಗುಡುಗು ಮಳೆಗೆ ಅನುಕೂಲಕರ ವಾತಾವರಣವಿದೆ ಎಂಬುದನ್ನು ತಿಳಿಸುತ್ತದೆ.

3. ಮಧ್ಯಮಾವಧಿ ಮುನ್ಸೂಚನೆ: 3ರಿಂದ 10 ದಿನಗಳವರೆಗೆ. ಉಷ್ಣಾಂಶದ ಏರಿಳಿತ ಮತ್ತು ಮಳೆಯ ಒಟ್ಟಾರೆ ಒಲವನ್ನು ತಿಳಿಯಲು ಉಪಯುಕ್ತ.

ಬೇಸಿಗೆಯ ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರ್. ಅದರ ಆಯುಷ್ಯ ಸಾಮಾನ್ಯವಾಗಿ ಒಂದೆರಡು ಗಂಟೆ. ಆದ್ದರಿಂದ ನಾಳೆ ಸಂಜೆ ನಿಮ್ಮ ಊರಿನಲ್ಲಿಯೇ ಆಲಿಕಲ್ಲು ಬೀಳುವುದೆಂದು ಎರಡು ದಿನ ಮೊದಲೇ ಹೇಳುವುದು ಯಾವ ವಿಜ್ಞಾನಿಗೂ ಸಾಧ್ಯವಿಲ್ಲ. ನಾಳೆ ನಿಮ್ಮ ಜಿಲ್ಲೆಯಲ್ಲಿ ಅಂತಹ ಮೋಡಗಳು ಹುಟ್ಟುವ ಪರಿಸ್ಥಿತಿ ಇದೆ ಎಂಬುದನ್ನು ಮಾತ್ರ ಸಾಕಷ್ಟು ವಿಶ್ವಾಸದಿಂದ ಹೇಳಬಹುದು. ಈ ಕಾರಣದಿಂದ ಬೆಳೆಯ ಕುರಿತ ನಿರ್ಧಾರಗಳಿಗೆ 3 ದಿನಗಳ ಮುನ್ಸೂಚನೆಯನ್ನೂ, ಜನ ಮತ್ತು ಜಾನುವಾರುಗಳ ಜೀವರಕ್ಷಣೆಗೆ 3 ಗಂಟೆಗಳ ಮುನ್ಸೂಚನೆಯನ್ನೂ ಅವಲಂಬಿಸಬೇಕು.

ಇನ್ನೊಂದು ಅಂಶವನ್ನೂ ನೆನಪಿಡಿರಿ. ಹವಾಮಾನ ಇಲಾಖೆಯ ಮಳೆ ದಿನವು ಬೆಳಿಗ್ಗೆ 8.30ಕ್ಕೆ ಆರಂಭವಾಗಿ ಮರುದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಮಂಗಳವಾರ ರಾತ್ರಿ ಸುರಿದ ಮಳೆಯು ಬುಧವಾರ ಬೆಳಿಗ್ಗೆಯ ಲೆಕ್ಕದಲ್ಲಿ ದಾಖಲಾಗುತ್ತದೆ.

'ಒಂದೆರಡು ಕಡೆ' ಎಂದರೆ ಎಷ್ಟು?

ಮಳೆಯ ಹಂಚಿಕೆಯನ್ನು ಸೂಚಿಸುವ ಪದಗಳಿಗೆ ನಿಗದಿತ ಅಳತೆಯಿದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳ ಪೈಕಿ ಶೇ. 25ರವರೆಗಿನ ಕೇಂದ್ರಗಳಲ್ಲಿ ಮಳೆಯಾಗುವುದಾದರೆ 'ಒಂದೆರಡು ಕಡೆ', ಶೇ. 26ರಿಂದ 50ರಷ್ಟಾದರೆ 'ಕೆಲವು ಕಡೆ', ಶೇ. 51ರಿಂದ 75ರಷ್ಟಾದರೆ 'ಹಲವು ಕಡೆ', ಅದಕ್ಕೂ ಹೆಚ್ಚಾದರೆ 'ಬಹುತೇಕ ಕಡೆ' ಎನ್ನಲಾಗುತ್ತದೆ. ಮಳೆಯ ಪ್ರಮಾಣಕ್ಕೂ ಹೀಗೆಯೇ ಅಳತೆಯಿದೆ: 24 ಗಂಟೆಗಳಲ್ಲಿ 15.6ರಿಂದ 64.4 ಮಿ.ಮೀ. ಆದರೆ ಸಾಧಾರಣ ಮಳೆ, 64.5ರಿಂದ 115.5 ಮಿ.ಮೀ. ಆದರೆ ಭಾರಿ ಮಳೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳಲ್ಲಿ, ಹಾವೇರಿ ಜಿಲ್ಲೆಯ ರೈತರೊಬ್ಬರು ದೂರವಾಣಿಯಲ್ಲಿ ಮಳೆಯ ಬಗ್ಗೆ ವಿಚಾರಿಸಿದರು. ಅವರ ಕಣದಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಣಗುತ್ತಿತ್ತು. 'ಒಂದೆರಡು ಕಡೆ ಮಾತ್ರ ಮಳೆ ಇದೆ' ಎಂದು ನಾನು ವರದಿಯಲ್ಲಿದ್ದುದನ್ನು ಓದಿ ಹೇಳಿದೆ. ಮರುದಿನ ಸಂಜೆ ಅವರ ಊರಿನಲ್ಲಿ ಅರ್ಧ ಗಂಟೆ ಬಿರುಸಿನ ಮಳೆಯಾಗಿ, ಮುಚ್ಚದೆ ಬಿಟ್ಟಿದ್ದ ಮೆಣಸಿನಕಾಯಿ ತೊಯ್ದುಹೋಯಿತು. ಬಣ್ಣ ಕೆಟ್ಟಿತು, ದರವೂ ಬಿತ್ತು. 'ಒಂದೆರಡು ಕಡೆ ಅಂದ್ರ ನಮ್ಮೂರು ಬಿಟ್ಟು ಅಂತ ತಿಳ್ಕೊಂಡಿದ್ದೆ ಸರ' ಎಂದಷ್ಟೇ ಅವರು ಹೇಳಿದರು. ಮುನ್ಸೂಚನೆ ತಪ್ಪಾಗಿರಲಿಲ್ಲ, ಅದನ್ನು ತಿಳಿಸಿದ ರೀತಿ ತಪ್ಪಾಗಿತ್ತು. 'ನಾಲ್ಕು ಊರುಗಳಲ್ಲಿ ಒಂದಕ್ಕೆ ಮಳೆ ತಗಲಬಹುದು, ಅದು ನಿಮ್ಮದೇ ಆಗಬಹುದು, ಇಂದು ಸಂಜೆಯೊಳಗೆ ತಾಡಪತ್ರಿ ಹೊದಿಸಿರಿ' ಎಂದು ನಾನು ಹೇಳಬೇಕಾಗಿತ್ತು. ವಿಸ್ತರಣಾ ಕಾರ್ಯಕರ್ತರು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ. ವರದಿಯ ಪದವನ್ನು ಹಾಗೆಯೇ ಒಪ್ಪಿಸುವುದು ಸಲಹೆಯಾಗುವುದಿಲ್ಲ.

ತೀರ್ಮಾನದ ಸೂತ್ರ ಸರಳವಾಗಿದೆ. ಮುಂಜಾಗ್ರತೆಯ ಖರ್ಚು ಕಡಿಮೆಯಿದ್ದು ಸಂಭವನೀಯ ನಷ್ಟ ದೊಡ್ಡದಿದ್ದರೆ, 'ಒಂದೆರಡು ಕಡೆ' ಎಂಬ ಮುನ್ಸೂಚನೆಗೂ ಕ್ರಮ ಕೈಗೊಳ್ಳಬೇಕು. ಕಣಕ್ಕೆ ತಾಡಪತ್ರಿ ಹೊದಿಸುವುದು ಇದಕ್ಕೆ ಉದಾಹರಣೆ. ಅದರ ಬದಲು ಮುಂಜಾಗ್ರತೆಯೇ ದುಬಾರಿಯಾಗಿದ್ದರೆ, ಉದಾಹರಣೆಗೆ ಪೂರ್ಣ ಬಲಿಯದ ಮಾವನ್ನು ಅವಸರದಿಂದ ಕೀಳುವುದಾಗಿದ್ದರೆ, 'ಹಲವು ಕಡೆ' ಎಂಬ ಮುನ್ಸೂಚನೆ ಅಥವಾ ಕಿತ್ತಳೆ ಎಚ್ಚರಿಕೆ ಬರುವವರೆಗೆ ಕಾಯುವುದು ಲೇಸು.

ಬಣ್ಣಗಳ ಅರ್ಥ

ಹಸಿರು: ಎಚ್ಚರಿಕೆ ಇಲ್ಲ. ಹಳದಿ: ಗಮನವಿರಲಿ, ಮುಂದಿನ ವರದಿಗಳನ್ನು ನೋಡುತ್ತಿರಿ. ಕಿತ್ತಳೆ: ಸಿದ್ಧರಾಗಿರಿ. ಕೆಂಪು: ಕೂಡಲೇ ಕ್ರಮ ಕೈಗೊಳ್ಳಿರಿ. ಬಣ್ಣವು ಮಳೆಯ ಪ್ರಮಾಣವನ್ನಷ್ಟೇ ಸೂಚಿಸುವುದಿಲ್ಲ. ಘಟನೆಯ ಸಂಭವನೀಯತೆ ಮತ್ತು ಅದರಿಂದಾಗಬಹುದಾದ ಪರಿಣಾಮ ಎರಡನ್ನೂ ಪರಿಗಣಿಸಿ ಅದನ್ನು ನಿಗದಿಪಡಿಸಲಾಗುತ್ತದೆ. ಬೇಸಿಗೆಯಲ್ಲಿ ಹಳದಿ ಎಚ್ಚರಿಕೆ ಸಾಮಾನ್ಯವಾದುದರಿಂದ ಅದನ್ನು ಕಡೆಗಣಿಸುವ ಅಭ್ಯಾಸ ಬೆಳೆಯುತ್ತದೆ. ಸಿಡಿಲಿಗೆ ಹಳದಿ, ಕಿತ್ತಳೆ ಎಂಬ ಭೇದವಿಲ್ಲ ಎಂಬುದನ್ನು ಮರೆಯಬಾರದು.

'ಬಿಸಿಗಾಳಿ ಎಚ್ಚರಿಕೆ ಇಲ್ಲ' ಎಂದರೆ ಬೆಳೆಗೆ ಅಪಾಯವಿಲ್ಲವೆಂದಲ್ಲ

ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶವು ಕನಿಷ್ಠ 40 ಡಿಗ್ರಿ ತಲುಪಿ, ವಾಡಿಕೆಗಿಂತ 4.5 ಡಿಗ್ರಿ ಅಥವಾ ಅದಕ್ಕೂ ಹೆಚ್ಚಾದಾಗ ಬಿಸಿಗಾಳಿ ಎನ್ನಲಾಗುತ್ತದೆ. ಹೆಚ್ಚಳವು 6.4 ಡಿಗ್ರಿಯನ್ನು ಮೀರಿದರೆ ಅದು ತೀವ್ರ ಬಿಸಿಗಾಳಿ. ಕರಾವಳಿಗೆ ಈ ಮಿತಿ 37 ಡಿಗ್ರಿ, ಗುಡ್ಡಗಾಡಿಗೆ 30 ಡಿಗ್ರಿ. ವಾಡಿಕೆ ಎಷ್ಟೇ ಇರಲಿ, ಉಷ್ಣಾಂಶ 45 ಡಿಗ್ರಿ ಮುಟ್ಟಿದರೆ ಬಿಸಿಗಾಳಿಯೆಂದೇ ಪರಿಗಣಿಸಲಾಗುತ್ತದೆ. ಒಂದು ಉಪವಿಭಾಗದ ಕನಿಷ್ಠ 2 ಕೇಂದ್ರಗಳಲ್ಲಿ ಸತತ 2 ದಿನ ಈ ಸ್ಥಿತಿ ಇದ್ದರೆ ಎರಡನೆಯ ದಿನ ಬಿಸಿಗಾಳಿಯನ್ನು ಘೋಷಿಸಲಾಗುತ್ತದೆ. ಕರ್ನಾಟಕದಲ್ಲಿ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂಬ ಮೂರು ಉಪವಿಭಾಗಗಳಿವೆ.

ಬೆಳೆಯ ಸಹನೆಯ ಮಿತಿಯು ಈ ಅಳತೆಗೆ ಹೊಂದಿಕೊಂಡಿಲ್ಲ. ದಕ್ಷಿಣ ಒಳನಾಡಿನ ಒಂದು ಊರಿನಲ್ಲಿ ವಾಡಿಕೆ 34 ಡಿಗ್ರಿಯಿದ್ದು 39 ಡಿಗ್ರಿ ದಾಖಲಾದರೆ 5 ಡಿಗ್ರಿ ಹೆಚ್ಚಳವಾದರೂ ಬಿಸಿಗಾಳಿಯ ಘೋಷಣೆ ಆಗುವುದಿಲ್ಲ. ಆದರೆ ಹೂವಿನ ಹಂತದ ಬೇಸಿಗೆ ಭತ್ತದಲ್ಲಿ ಉಷ್ಣಾಂಶವು 35 ಡಿಗ್ರಿ ಮೀರಿದರೆ ಪರಾಗ ನಿಷ್ಫಲವಾಗಿ ಜೊಳ್ಳು ಹೆಚ್ಚುತ್ತದೆ. ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಮತ್ತು ಮೆಣಸಿನಗಿಡಗಳಲ್ಲಿ ಹೂವು ಉದುರುತ್ತದೆ. ಮೇಲಾಗಿ ವರದಿಯ ಉಷ್ಣಾಂಶವನ್ನು ನೆರಳಿನ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ಒಂದೂಕಾಲು ಮೀಟರ್ ಎತ್ತರದಲ್ಲಿ ಅಳೆಯಲಾಗುತ್ತದೆ. ಅದೇ ವೇಳೆಯಲ್ಲಿ ಬರಿದಾದ ಕಪ್ಪು ಮಣ್ಣಿನ ಮೇಲ್ಮೈ 50 ಡಿಗ್ರಿಗಿಂತಲೂ ಹೆಚ್ಚು ಕಾದಿರಬಹುದು. ಆದ್ದರಿಂದ ಬಿಸಿಗಾಳಿ ಘೋಷಣೆಗಾಗಿ ಕಾಯದೆ, ಮುನ್ಸೂಚನೆಯ ಗರಿಷ್ಠ ಹಾಗೂ ಕನಿಷ್ಠ ಉಷ್ಣಾಂಶಗಳ ಅಂಕಿಗಳನ್ನೇ ನೋಡಿ ನಿಮ್ಮ ಬೆಳೆಯ ಹಂತಕ್ಕೆ ಹೋಲಿಸಿಕೊಳ್ಳಬೇಕು.

ನೀರು ಹಾಯಿಸಬೇಕೆ, ನಿಲ್ಲಿಸಬೇಕೆ?

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೊದಲ 2 ದಿನ ಉಷ್ಣಾಂಶ ವಾಡಿಕೆಗಿಂತ 2ರಿಂದ 3 ಡಿಗ್ರಿ ಹೆಚ್ಚು; 3 ಮತ್ತು 4ನೆಯ ದಿನ ಕೆಲವು ಕಡೆ ಗುಡುಗು ಸಹಿತ ಮಳೆ, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ, ಒಂದೆರಡು ಕಡೆ ಆಲಿಕಲ್ಲು ಎಂದು ವರದಿಯಲ್ಲಿದೆ ಎಂದಿಟ್ಟುಕೊಳ್ಳೋಣ.

ಮೊದಲನೆಯ ದಿನ: ಸಂಜೆ ಅಥವಾ ಮುಂಜಾನೆ ತೆಳುವಾಗಿ ನೀರು ಕೊಡಿರಿ. ಬೆಳೆಯು ಮೂರು ದಿನ ತಾಳುವಷ್ಟು ತೇವವಿದ್ದರೆ ಸಾಕು. ಹನಿ ನೀರಾವರಿ ಇರುವವರು ಅವಧಿಯನ್ನು ಹಂಚಿ ಕೊಡಬಹುದು. ಸಾಲುಗಳ ನಡುವೆ ಕಬ್ಬಿನ ರವದಿ, ಹುಲ್ಲು ಅಥವಾ ಬೆಳೆಯ ಉಳಿಕೆಯ ಹೊದಿಕೆ ಹಾಕಿರಿ. ಗೊನೆ ಬಿಟ್ಟ ಬಾಳೆಗೆ ಆಸರೆಯ ಕೋಲು ಕೊಡಿರಿ.

ಎರಡನೆಯ ದಿನ: ಬಲಿತು ನಿಂತಿರುವ ಕಡಲೆ, ಜೋಳ, ಗೋಧಿ ಇತ್ಯಾದಿಗಳ ಕೊಯ್ಲನ್ನು ಮುಗಿಸಿ ಫಸಲನ್ನು ಎತ್ತರದ, ಸುರಕ್ಷಿತ ಸ್ಥಳಕ್ಕೆ ಸಾಗಿಸಿರಿ. ಬಲಿತ ಮಾವು ಮತ್ತು ಮಾಗಿದ ದ್ರಾಕ್ಷಿಯ ಕಟಾವನ್ನು ಮುಂದೂಡಬೇಡಿರಿ. ಒಣದ್ರಾಕ್ಷಿಯ ಶೆಡ್ಡುಗಳ ಬದಿಯ ಹೊದಿಕೆಗಳನ್ನು ಬಿಗಿಮಾಡಿರಿ. ಆಲಿಕಲ್ಲು ತಡೆಯುವ ಬಲೆ ಇದ್ದರೆ ಅದರ ಕಟ್ಟುಗಳನ್ನು ಪರೀಕ್ಷಿಸಿರಿ. ಬಸಿಗಾಲುವೆಗಳನ್ನು ತೆರವುಗೊಳಿಸಿರಿ.

ಮೂರು ಮತ್ತು ನಾಲ್ಕನೆಯ ದಿನ: ಬಾಳೆ, ಕಬ್ಬು, ಮುಸುಕಿನ ಜೋಳ ಹಾಗೂ ತೆನೆ ಬಂದ ಭತ್ತಕ್ಕೆ ಹೊಸದಾಗಿ ನೀರು ಹಾಯಿಸಬೇಡಿರಿ. ಮಣ್ಣು ಮೆತ್ತಗಾದರೆ ಬೇರಿನ ಹಿಡಿತ ಸಡಿಲಗೊಂಡು ಗಾಳಿಗೆ ಬೆಳೆ ಒರಗುತ್ತದೆ. ಔಷಧ ಸಿಂಪರಣೆ ಮತ್ತು ಯೂರಿಯಾ ಮೇಲುಗೊಬ್ಬರವನ್ನು ಮುಂದೂಡಿರಿ. ಬೇಸಿಗೆಯ ಮೋಡಗಳು ಹೆಚ್ಚಾಗಿ ಮಧ್ಯಾಹ್ನದ ನಂತರ ಕಟ್ಟುವುದರಿಂದ ಅನಿವಾರ್ಯ ಕೆಲಸಗಳನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿರಿ.

ಹೀಗೆ ದಿನವಾರು ಓದಿದರೆ, ವಿರುದ್ಧವೆಂದು ತೋರಿದ ಎರಡು ಸಲಹೆಗಳು ಒಂದರ ನಂತರ ಒಂದು ಮಾಡಬೇಕಾದ ಕೆಲಸಗಳಾಗುತ್ತವೆ. ಬಿಸಿಲಿನ ದಿನಗಳಲ್ಲಿ ಗಂಧಕದ ಪುಡಿಯನ್ನು ಸಿಂಪಡಿಸುವವರು ಮಾತ್ರ ಉಷ್ಣಾಂಶವನ್ನು ಗಮನಿಸಬೇಕು; ತೀವ್ರ ಬಿಸಿಲಿನಲ್ಲಿ ಅದು ಎಲೆ, ಕಾಯಿಗಳನ್ನು ಸುಡುತ್ತದೆ.

ಸಿಡಿಲಿನಿಂದ ರಕ್ಷಣೆ

ಬೆಳೆ ಹೋದರೆ ಮತ್ತೆ ಬೆಳೆಯಬಹುದು. ಹೊಲದಲ್ಲಿ ದುಡಿಯುವವರೇ ಸಿಡಿಲಿಗೆ ಹೆಚ್ಚಾಗಿ ಬಲಿಯಾಗುತ್ತಾರೆ. ಮಳೆಗೆ ನೆನೆಯದಿರಲೆಂದು ಒಂಟಿ ಮರದಡಿ ನಿಲ್ಲುವುದು ಅತ್ಯಂತ ಅಪಾಯಕಾರಿ. ಮಿಂಚು ಕಂಡು 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗೇ ಇದೆ ಎಂದರ್ಥ; ಕೂಡಲೇ ಪಕ್ಕಾ ಮನೆ ಅಥವಾ ಮುಚ್ಚಿದ ವಾಹನದೊಳಗೆ ಹೋಗಿರಿ. ಕೊನೆಯ ಗುಡುಗು ಕೇಳಿದ ಬಳಿಕ 30 ನಿಮಿಷ ಹೊರಬರಬೇಡಿರಿ. ಬಯಲಿನಲ್ಲಿ ಸಿಲುಕಿಕೊಂಡರೆ ಗುಂಪಾಗಿ ನಿಲ್ಲದೆ, ಕಾಲುಗಳನ್ನು ಜೋಡಿಸಿ ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಿರಿ; ನೆಲದ ಮೇಲೆ ಮಲಗಬೇಡಿರಿ. ಪಂಪ್‌ಸೆಟ್ಟಿನ ಸ್ಟಾರ್ಟರ್, ತಂತಿಬೇಲಿ, ವಿದ್ಯುತ್ ಕಂಬಗಳಿಂದ ದೂರವಿರಿ. ಮಧ್ಯಾಹ್ನದ ನಂತರ ಜಾನುವಾರುಗಳನ್ನು ಮರಕ್ಕೆ ಕಟ್ಟಬೇಡಿರಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಸಮೀಪದ ಸಿಡಿಲಿನ ಮಾಹಿತಿಯನ್ನು ನೀಡುತ್ತದೆ.

ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೊಲದ ಕೆಲಸವನ್ನು ತಪ್ಪಿಸಿರಿ. ಕೂಲಿಕಾರರಿಗೆ ನೆರಳು, ನೀರು, ಮಜ್ಜಿಗೆ ದೊರೆಯುವಂತೆ ನೋಡಿಕೊಳ್ಳಿರಿ. ಜಾನುವಾರುಗಳಿಗೆ ಬೆಳಗಿನ ಮತ್ತು ಸಂಜೆಯ ತಂಪು ವೇಳೆಯಲ್ಲಿ ಮೇವು ಕೊಟ್ಟು, ದಿನವಿಡೀ ನೀರು ಸಿಗುವಂತೆ ಮಾಡಿರಿ.

ಮಳೆಯ ನಂತರ

ಆಲಿಕಲ್ಲು ಬಿದ್ದ ತೋಟದಲ್ಲಿ ನಿಂತ ನೀರನ್ನು ಬಸಿದು, ಮುರಿದ ರೆಂಬೆ ಮತ್ತು ಒಡೆದ ಕಾಯಿಗಳನ್ನು ತೆಗೆದು ನಾಶಪಡಿಸಿರಿ. ಗಾಯಗಳ ಮೂಲಕ ರೋಗ ಪ್ರವೇಶಿಸುವುದರಿಂದ ಪ್ರತಿ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಬಹುದು. ದೊಡ್ಡ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಿರಿ. ಕೊಯ್ಲು ಸಮೀಪಿಸಿದ ಹಣ್ಣುಗಳಿಗೆ ಸಿಂಪಡಿಸುವ ಮುನ್ನ ತಜ್ಞರನ್ನು ವಿಚಾರಿಸಿರಿ.

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯಡಿ ನೋಂದಾಯಿಸಿದ ಬೆಳೆಗೆ ಆಲಿಕಲ್ಲಿನಂತಹ ಸ್ಥಳೀಯ ವಿಕೋಪದಿಂದ ಹಾನಿಯಾದರೆ 72 ಗಂಟೆಗಳೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲಿಯೇ ಒಣಗಲು ಬಿಟ್ಟ ಅಧಿಸೂಚಿತ ಬೆಳೆಗೆ ಕೊಯ್ಲಿನಿಂದ 14 ದಿನಗಳವರೆಗೆ ಅಕಾಲಿಕ ಮಳೆ, ಆಲಿಕಲ್ಲುಗಳ ನಷ್ಟಕ್ಕೆ ರಕ್ಷಣೆಯಿದೆ. ಸಹಾಯವಾಣಿ ಸಂಖ್ಯೆ 14447. ಹಾನಿಯ ಛಾಯಾಚಿತ್ರಗಳನ್ನು ದಿನಾಂಕ ಸಹಿತ ತೆಗೆದಿಟ್ಟುಕೊಳ್ಳಿರಿ. ಹವಾಮಾನ ಆಧಾರಿತ ವಿಮೆಗೆ ಒಳಪಟ್ಟ ತೋಟಗಾರಿಕೆ ಬೆಳೆಗಳ ನಿಯಮಗಳು ಬೇರೆಯಾಗಿರುವುದರಿಂದ ತೋಟಗಾರಿಕೆ ಇಲಾಖೆಯನ್ನು ಸಂಪರ್ಕಿಸಿರಿ.

ಬೇಸಿಗೆಯ ಮಳೆ ಕೇವಲ ಹಾನಿಯನ್ನೇ ತರುವುದಿಲ್ಲ. ಕಾಫಿಗೆ ಹೂಮಳೆ ಅದೇ. ಅಶ್ವಿನಿ, ಭರಣಿ ಮಳೆಗಳನ್ನು ನಂಬಿಯೇ ಹಳೇ ಮೈಸೂರು ಭಾಗದಲ್ಲಿ ಹೆಸರು, ಅಲಸಂದೆ, ಎಳ್ಳು ಬಿತ್ತನೆಯಾಗುತ್ತದೆ. ಹದ ಸಿಕ್ಕ ಕೂಡಲೇ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ ನೀರನ್ನು ಹೊಲದಲ್ಲಿಯೇ ಇಂಗಿಸಿರಿ. ಆದರೆ ಒಂದೇ ಮಳೆಯನ್ನು ನೆಚ್ಚಿ ಬಿತ್ತನೆಗೆ ಮುಂದಾಗದೆ, ಮುಂದಿನ ವಾರದ ಮುನ್ಸೂಚನೆಯನ್ನು ನೋಡಿ ನಿರ್ಧರಿಸಿರಿ.

ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹಾ ಪತ್ರಿಕೆಯನ್ನು 'ಮೇಘದೂತ್' ಆ್ಯಪ್‌ನಲ್ಲಿ ಕನ್ನಡದಲ್ಲಿಯೇ ಓದಬಹುದು. ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ಕಿಸಾನ್ ಕಾಲ್ ಸೆಂಟರ್‌ನ ಉಚಿತ ದೂರವಾಣಿ 1800-180-1551 ಅನ್ನು ಸಂಪರ್ಕಿಸಿರಿ. ವಿಸ್ತರಣಾ ಕಾರ್ಯಕರ್ತರು ಹಳದಿ ಅಥವಾ ಅದಕ್ಕೂ ಮೇಲ್ಪಟ್ಟ ಎಚ್ಚರಿಕೆ ಬಂದ ದಿನ, ಏನಾಗಬಹುದು ಮತ್ತು ಸಂಜೆಯೊಳಗೆ ಏನು ಮಾಡಬೇಕು ಎಂಬ ಎರಡು ವಾಕ್ಯಗಳನ್ನು ತಮ್ಮ ವ್ಯಾಪ್ತಿಯ ಗ್ರಾಮಗಳ ವಾಟ್ಸ್ಆ್ಯಪ್ ಗುಂಪುಗಳಿಗೆ ಮಧ್ಯಾಹ್ನದೊಳಗೆ ತಲುಪಿಸಿದರೆ, ಆ ಮುನ್ಸೂಚನೆಯು ರೈತರ ಕಣದವರೆಗೆ ತಲುಪಿದಂತಾಗುತ್ತದೆ.